ಹಿಂದಿನ ಸಾಲಿನವರಿಗೂ ಮುಖ ಬೇಕಲ್ವಾ? ಶಿವಪುರದ ಕಥೆ ಕಲ್ಲಿಗೆ ಇಳಿಯುವುದಾದರೆ

"ಹಿಂದಿನ ಸಾಲಿನವರಿಗೆ ಮುಖ ಬೇಕಾ ಸಾರ್, ಬರೀ ತಲೆ ಸಾಕಾ?"

ಮೈಸೂರಿನ ಒಂದು ಶಿಲ್ಪದ ಶೆಡ್‌ನಲ್ಲಿ ಆಚಾರ್ರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನಾನು ಕೆಲಸ ಕೊಡಲು ಹೋದವನಲ್ಲ, ಸುಮ್ನೆ ವಿಚಾರಿಸಲು ಹೋದವನು. ಸ್ವಾತಂತ್ರ್ಯ ಹೋರಾಟದ ಒಂದು ಸಭೆ, ಅದರಲ್ಲಿ ಐವತ್ತು ಅರವತ್ತು ಜನ. ಇದನ್ನು ಕಲ್ಲಿನ ಹಲಗೆಯ ಮೇಲೆ ಉಬ್ಬುಶಿಲ್ಪವಾಗಿ ಕೆತ್ತಿಸುವುದಾದರೆ ಲೆಕ್ಕ ಹೇಗೆ ಎಂದು ಕೇಳಿದ್ದೆ. ಚದರ ಅಡಿಗೆ ಇಷ್ಟು ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮುಖಗಳ ಲೆಕ್ಕಕ್ಕೆ ಬಂದರು. ಪೇಟ, ಟೋಪಿ, ಪಂಚೆಯ ನೆರಿಗೆ ಎಲ್ಲವನ್ನೂ ಹುಡುಗರು ಕೆತ್ತುತ್ತಾರಂತೆ. ಮುಖಕ್ಕೆ ಮಾತ್ರ ಅವರೇ ಕೂರಬೇಕು. ಒಂದು ಮೂಗು ಹಾರಿಹೋದರೆ ಇಡೀ ಹಲಗೆ ದಂಡ. ಅದಕ್ಕೇ ಬಹಳ ಜನ ಮುಂದಿನ ಸಾಲಿಗೆ ನಾಲ್ಕು ಮುಖ ಹೇಳಿ, ಹಿಂದೆ "ಗುಂಪು ಥರ ಮಾಡಿಬಿಡಿ" ಅನ್ನುತ್ತಾರೆ. ಗುಂಪು ಥರ ಅಂದರೆ ಸಾಲಾಗಿ ಜೋಡಿಸಿದ ಉಂಡೆಗಳು. ಕಣ್ಣಿಲ್ಲ, ಮೂಗಿಲ್ಲ.

ಆ ಉಂಡೆಗಳ ಬಗ್ಗೆಯೇ ಈ ಲೇಖನ.

ನಮ್ಮಲ್ಲಿ ಸ್ಮಾರಕ ಅಂದ ತಕ್ಷಣ ಪ್ರತಿಮೆ ನೆನಪಾಗುತ್ತದೆ. ಎಷ್ಟು ಅಡಿ ಎತ್ತರ, ಯಾವ ವೃತ್ತದಲ್ಲಿ, ಮುಖ ಯಾವ ಕಡೆಗೆ. ಜಗಳವೂ ಅಷ್ಟರಲ್ಲೇ ಮುಗಿಯುತ್ತದೆ. ಗುಜರಾತಿನಲ್ಲಿ 2018ರಲ್ಲಿ ಸರ್ದಾರ್ ಪಟೇಲರ ಪ್ರತಿಮೆ 182 ಮೀಟರ್ ಎತ್ತರಕ್ಕೆ ಎದ್ದ ಮೇಲಂತೂ ಅಳತೆಯೇ ಭಕ್ತಿ ಆಗಿಹೋಗಿದೆ. ಪ್ರತಿಮೆಗೆ ಒಂದು ಮಿತಿ ಇದೆ: ಅದರಲ್ಲಿ ಒಬ್ಬರೇ ಹಿಡಿಸುವುದು. ಒಂದು ದೇಶ, ಒಂದು ರಾಜ್ಯ ಒಬ್ಬರಿಂದ ಹುಟ್ಟುವುದಿಲ್ಲ. ಸಾವಿರಾರು ಜನ ಒಂದು ಬಯಲಿಗೆ ಬಂದು ನಿಂತ ದಿನವನ್ನು ತೋರಿಸಬೇಕಾದರೆ ಕಲ್ಲಿನಲ್ಲಿ ಇರುವ ದಾರಿ ಉಬ್ಬುಶಿಲ್ಪವೇ. ಗೋಡೆಯಿಂದ ಅರ್ಧ ಹೊರಬಂದ, ಅರ್ಧ ಗೋಡೆಯಲ್ಲೇ ಉಳಿದ ಜನ. ಪ್ರತಿಮೆಯನ್ನು ತಲೆ ಎತ್ತಿ ನೋಡುತ್ತೇವೆ. ಉಬ್ಬುಶಿಲ್ಪವನ್ನು ಪಕ್ಕದಲ್ಲಿ ನಡೆದುಕೊಂಡು ಓದುತ್ತೇವೆ.

ಇದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೋಮನಾಥಪುರಕ್ಕೆ ಹೋದವರು ಇದನ್ನು ಕಾಲಿನಲ್ಲೇ ಕಲಿತಿರುತ್ತಾರೆ. 13ನೇ ಶತಮಾನದ ಆ ಕೇಶವ ದೇವಾಲಯದ ಸುತ್ತ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಪ್ರದಕ್ಷಿಣೆ ಬಂದರೆ ಆನೆ ಸಾಲು, ಕುದುರೆ ಸಾಲು, ಬಳ್ಳಿ, ಅದರ ಮೇಲೆ ರಾಮಾಯಣ, ಭಾಗವತ, ಭಾರತದ ಕಥೆ ನಿಮ್ಮ ಜೊತೆಗೇ ನಡೆದು ಬರುತ್ತದೆ. ಕಥೆ ಇರುವುದು ಕಣ್ಣಿನ ಎತ್ತರಕ್ಕೆ. ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರೂ ಅಲ್ಲಲ್ಲಿ ಕಲ್ಲಿನಲ್ಲೇ ಇದೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಆ ಬೆರಳು, ಆ ಆಭರಣ ಸಾಧ್ಯವಾಯಿತು.

ಆಚಾರ್ರು ನನಗೆ ತೋರಿಸಿದ ಇನ್ನೊಂದು ವಿಷಯ ಹೇಳಲೇಬೇಕು. ಶೆಡ್‌ನ ಮೂಲೆಯಲ್ಲಿ ಅರ್ಧ ಕೆತ್ತಿದ ಒಂದು ಹಲಗೆ ಒರಗಿಸಿಟ್ಟಿದ್ದರು. ಅದರಲ್ಲಿ ಒಬ್ಬ ಹೆಂಗಸಿನ ಮುಖ. ಮೊಬೈಲಿನ ಟಾರ್ಚ್ ಹಾಕಿ ನೇರವಾಗಿ ಮುಖದ ಮೇಲೆ ಹಿಡಿದರು. ಮುಖ ಮಾಯ. ಬರೀ ಬೂದು ಕಲ್ಲು. ಟಾರ್ಚನ್ನು ಪಕ್ಕಕ್ಕೆ ತಂದು ಕಲ್ಲಿಗೆ ಅಂಟಿಸಿದ ಹಾಗೆ ಹಿಡಿದರು. ಕೆನ್ನೆ, ತುಟಿ, ಕಿವಿಯ ಓಲೆ ಎಲ್ಲ ಎದ್ದು ಬಂತು. ಕೆತ್ತಿದ ಆಳ ಒಂದು ಬೆರಳಿನಷ್ಟೂ ಇರಲಿಲ್ಲ. "ನಾವು ಕೆತ್ತೋದು ಕಲ್ಲಲ್ಲ ಸಾರ್, ನೆರಳು" ಎಂದರು. ಅವರು ಎಲ್ಲರಿಗೂ ಹೇಳುವ ಮಾತೇ ಇರಬಹುದು, ಆದರೂ ಸುಳ್ಳಲ್ಲ. ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಬಿಸಿಲು ಯಾವ ಹೊತ್ತಿಗೆ ಓರೆಯಾಗಿ ಬೀಳುತ್ತದೆ, ರಾತ್ರಿ ದೀಪ ಎಲ್ಲಿಂದ ಎನ್ನುವುದು ತೀರ್ಮಾನ ಆಗದೆ ಎಷ್ಟು ಆಳ ಕೆತ್ತಬೇಕು ಎಂದು ಹೇಳಲು ಬರುವುದಿಲ್ಲ. ನಮ್ಮಲ್ಲಿ ಮೊದಲು ಟೆಂಡರ್, ಆಮೇಲೆ ಗೋಡೆ, ಕೊನೆಗೆ ಉದ್ಘಾಟನೆಯ ಹಿಂದಿನ ದಿನ ಎದುರಿಗೆ ಎರಡು ಫೋಕಸ್ ಲೈಟ್. ಅಲ್ಲಿಗೆ ಮುಖಗಳು ಹೋದವು.

ಈ ವಿಷಯ ಈಗ ಯಾಕೆ ಎತ್ತಿಕೊಂಡೆ ಎಂದರೆ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೊತ್ತಿನಿಂದ ಊರೂರಲ್ಲಿ ಇಂಥ ಗೋಡೆಗಳು ಎದ್ದಿವೆ. ಶಾಲೆಯ ಕಾಂಪೌಂಡು, ಪಾರ್ಕು, ಬಸ್ ಸ್ಟ್ಯಾಂಡು. ಹೆಚ್ಚಿನವು ಸಿಮೆಂಟು ಇಲ್ಲವೇ ಫೈಬರ್. ಜೇಡಿಮಣ್ಣಿನಲ್ಲಿ ಒಂದು ಮಾದರಿ, ಅದರಿಂದ ಅಚ್ಚು, ಅಚ್ಚಿನಿಂದ ಹತ್ತು ಪ್ರತಿ. ಮೇಲೆ ತಾಮ್ರದ ಬಣ್ಣದ ಪೇಂಟು. ದೂರದಿಂದ ಕಂಚಿನ ಥರ ಕಾಣುತ್ತದೆ. ತಟ್ಟಿದರೆ ಡೊಳ್ಳಿನ ಹಾಗೆ ಟೊಳ್ಳು ಸದ್ದು. ನಾನೂ ಒಂದು ಶಾಲೆಯ ಇಂಥ ಗೋಡೆಯ ಸಮಿತಿಯಲ್ಲಿದ್ದೆ. ಹೆಸರು ಬೇಡ. 1938ರಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ ದೃಶ್ಯ ಮಾಡಿಸಿದೆವು. ಕಂತು ಕಂತಾಗಿ ದುಡ್ಡು ಹೋಯಿತು, ಫೋಟೊ ತೆಗೆಸಿಕೊಂಡೆವು. ಎರಡು ಮಳೆಗಾಲ ಕಳೆಯುವುದರೊಳಗೆ ಸಿಮೆಂಟು ಹಪ್ಪಳ ಎದ್ದಿತು. ಅದಕ್ಕಿಂತ ದೊಡ್ಡ ತಪ್ಪು ಮಾತ್ರ ಮೊದಲ ದಿನದಿಂದಲೂ ಅಲ್ಲೇ ಇತ್ತು, ನಮ್ಮಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಬಂದು ತೋರಿಸಿದರು. ಬಾವುಟದಲ್ಲಿ ಅಶೋಕ ಚಕ್ರ ಇತ್ತು.

1938ರಲ್ಲಿ ಅಶೋಕ ಚಕ್ರದ ಬಾವುಟವೇ ಇರಲಿಲ್ಲ. ಸಂವಿಧಾನ ಸಭೆ ಅದನ್ನು ಒಪ್ಪಿದ್ದು 1947ರ ಜುಲೈ 22ರಂದು. ಶಿವಪುರದಲ್ಲಿ ಹಾರಿದ್ದು ಚರಕದ ಬಾವುಟ. ಚಿತ್ರದಲ್ಲಾದರೆ ಕೇಸರಿ, ಬಿಳಿ, ಹಸಿರು ಬಳಿದು ತಪ್ಪಿಸಿಕೊಳ್ಳಬಹುದು. ಕಲ್ಲಿಗೆ ಬಣ್ಣವಿಲ್ಲ. ಕಲ್ಲಿನ ಬಾವುಟ ಯಾವ ಕಾಲದ್ದು ಎಂದು ಹೇಳಲು ನಡುವಿನ ಆ ಒಂದು ಗುರುತೇ ಗತಿ. ಅದನ್ನೇ ತಪ್ಪು ಮಾಡಿದ್ದೆವು.

ಶಿವಪುರ ಗೊತ್ತಿಲ್ಲದವರಿಗೆ ಎರಡು ಮಾತು. ಮದ್ದೂರಿಗೆ ಅಂಟಿಕೊಂಡ ಊರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಆದದ್ದು 1939ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಹಳ್ಳಿಗಾಡಿನ ಮುಖಂಡರಿದ್ದ ಪ್ರಜಾ ಸಂಯುಕ್ತ ಪಕ್ಷ 1937ರಲ್ಲಿ ಕಾಂಗ್ರೆಸ್ಸಿನ ಜೊತೆ ಸೇರಿತ್ತು. ಪೇಟೆಯ ವಕೀಲರೂ ಹಳ್ಳಿಯ ಗೌಡರೂ ಒಂದೇ ಚಾಪೆಯ ಮೇಲೆ ಕೂತ ಕಾಲ. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಡೆಯಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಬಾವುಟ ಹಾರಿಸಬಾರದು ಎಂದು ಸಂಸ್ಥಾನದ ಸರ್ಕಾರ ನಿಷೇಧ ಹಾಕಿತ್ತು. ಏಪ್ರಿಲ್ 11ರಂದು ನಿಷೇಧ ಮುರಿದು ಬಾವುಟ ಹಾರಿತು, ಮುಖಂಡರ ಬಂಧನವಾಯಿತು. ಅದರ ಬೆನ್ನಿಗೇ ಹಳ್ಳಿ ಹಳ್ಳಿಯಲ್ಲಿ ಬಾವುಟ ಏರಿತು. ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಸತ್ತವರೆಷ್ಟು ಎನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದು ಎಂಬ ಒಪ್ಪಂದವಾಯಿತು.

ಇದರ ನೆನಪಿಗೆ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. ಬೆಂಗಳೂರು ಮೈಸೂರು ಹಳೆಯ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಆ ಹೆಸರಾದರೂ ಕಣ್ಣಿಗೆ ಬೀಳುತ್ತಿತ್ತು. ಮದ್ದೂರಲ್ಲಿ ವಡೆ ತಿನ್ನಲು ಇಳಿದವರು ಏನೋ ಅಂತ ಒಮ್ಮೆ ತಿರುಗಿ ನೋಡುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಕಾರುಗಳು ಮದ್ದೂರಿನ ಒಳಗೆ ಬರುವುದೇ ಇಲ್ಲ. ವಡೆಯವರಿಗೆ ಆದ ನಷ್ಟದ ಬಗ್ಗೆ ಪೇಪರಿನಲ್ಲಿ ಬಂತು. ನೆನಪಿಗೆ ಆದ ನಷ್ಟಕ್ಕೆ ಲೆಕ್ಕ ಇಲ್ಲ.

ಇದನ್ನು ಕಂಡ ಯಾರಿಗಾದರೂ ಸುಲಭವಾಗಿ ಹೊಳೆಯುವ ಐಡಿಯಾ ಒಂದಿದೆ: ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ದೊಡ್ಡದೊಂದು ಗೋಡೆ ಕಟ್ಟಿ ಕೆತ್ತಿಸಿಬಿಡೋಣ, ಎಲ್ಲರಿಗೂ ಕಾಣುತ್ತದೆ. ಕಾಣುವುದಿಲ್ಲ. ಗೋಡೆ ನೂರು ಮೀಟರ್ ಇದೆ ಎಂದೇ ಇಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ಓಡುವ ಕಾರು ಅದನ್ನು ನಾಲ್ಕು ಸೆಕೆಂಡಿನೊಳಗೆ ದಾಟುತ್ತದೆ. ಹತ್ತು ಮೀಟರ್ ದೂರದಿಂದ ಒಳ್ಳೆಯ ಕಣ್ಣಿಗೂ ಸುಮಾರು 3 ಮಿಲಿಮೀಟರ್‌ಗಿಂತ ಸಣ್ಣ ಗೆರೆ ಬೇರೆಯಾಗಿ ಕಾಣದು. ಮುಖದ ಭಾವ ಅಂತ ನಾವು ಕರೆಯುವುದೆಲ್ಲ ಆ 3 ಮಿಲಿಮೀಟರಿನಲ್ಲೇ ಇರುವುದು. ರೆಪ್ಪೆ, ತುಟಿಯ ಅಂಚು. ದೂರಕ್ಕೆ ಕಾಣಲಿ ಎಂದು ದೊಡ್ಡದು ಮಾಡಿದರೆ ಜನ ಕಡಿಮೆಯಾಗುತ್ತಾರೆ, ಮತ್ತೆ ಒಂದು ನಾಲ್ಕು ಮುಖಗಳಿಗೇ ಬಂದು ನಿಲ್ಲುತ್ತೇವೆ. ಬೈಕು, ಆಟೋಗಳನ್ನು 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬಿಡುತ್ತಿಲ್ಲ. ನಿಧಾನವಾಗಿ ಹೋಗುವವರು, ನಿಲ್ಲಿಸಿ ನೋಡುವವರು ಹಳೆಯ ರಸ್ತೆಯಲ್ಲೇ ಇದ್ದಾರೆ. ಗೋಡೆಯೂ ಅಲ್ಲೇ ಇರಬೇಕಾದದ್ದು.

ದೊಡ್ಡದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೌಂಟ್ ರಶ್ಮೋರ್ ಇದೆ. 1927ರಿಂದ 1941ರವರೆಗೆ ಒಂದು ಬೆಟ್ಟದ ಮುಖವನ್ನೇ ಡೈನಮೈಟ್ ಇಟ್ಟು ಸಿಡಿಸಿ ನಾಲ್ವರು ಅಧ್ಯಕ್ಷರನ್ನು ಕೆತ್ತಿದರು. ಒಂದೊಂದು ಮುಖ 60 ಅಡಿ. ಗಟ್ಜನ್ ಬೋರ್ಗ್ಲಮ್ ಎಂಬ ಶಿಲ್ಪಿಯ ಯೋಜನೆ ಸೊಂಟದವರೆಗೂ ಕೆತ್ತುವುದಾಗಿತ್ತು. ಅವರು ತೀರಿಕೊಂಡರು, ದುಡ್ಡೂ ನಿಂತಿತು, ಕೆಲಸ ಮುಖಗಳಿಗೇ ಮುಗಿಯಿತು. ನನಗೆ ಕುತೂಹಲ ಹುಟ್ಟಿಸಿದ್ದು ಬೋರ್ಗ್ಲಮ್ ಅವರ ಇನ್ನೊಂದು ಚಿಂತೆ. ಸಾವಿರಾರು ವರ್ಷ ಕಳೆದ ಮೇಲೆ ಈ ಮುಖಗಳು ಯಾರವು, ಯಾಕೆ ಕೆತ್ತಿದರು ಎಂದು ಗೊತ್ತಾಗದೆ ಹೋದರೆ? ಅದಕ್ಕೆ ಪಕ್ಕದಲ್ಲೇ ದೊಡ್ಡ ಅಕ್ಷರಗಳಲ್ಲಿ ದೇಶದ ಕಥೆ ಕೆತ್ತಿಸಲು ಹೊರಟರು. ಜಾಗ ಸಾಲಲಿಲ್ಲ, ಅಕ್ಷರ ದೂರಕ್ಕೆ ಕಾಣಲಿಲ್ಲ, ಕೈಬಿಟ್ಟರು. ಮುಖಗಳ ಹಿಂದೆ ಬೆಟ್ಟದಲ್ಲಿ ಒಂದು ಕೋಣೆ ಕೊರೆದು ದಾಖಲೆ ಇಡುವ ಯೋಜನೆಯೂ ಅರ್ಧಕ್ಕೇ ನಿಂತಿತು. ಕೊನೆಗೆ 1998ರಲ್ಲಿ ಆ ಕೋಣೆಯ ಬಾಗಿಲಲ್ಲಿ ವಿವರ ಬರೆದ ಪಿಂಗಾಣಿ ಹಲಗೆಗಳನ್ನು ಹೂತಿಟ್ಟರು. ಅಂದರೆ ಅಷ್ಟು ದೊಡ್ಡ ಶಿಲ್ಪಕ್ಕೂ ಅಕ್ಷರ ಬೇಕಾಯಿತು. ಆ ಬೆಟ್ಟ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಪವಿತ್ರ ಜಾಗ, ಒಪ್ಪಂದ ಮುರಿದು ಕಿತ್ತುಕೊಂಡದ್ದು ಎನ್ನುವುದು ಬೇರೆ. ಅದನ್ನು ಆ ನಾಲ್ಕು ಮುಖಗಳು ಹೇಳುವುದಿಲ್ಲ.

ಜನರನ್ನೇ ಕೆತ್ತಿದವರೂ ಇದ್ದಾರೆ. ಬೀಜಿಂಗಿನ ತಿಯೆನನ್‌ಮನ್ ಚೌಕದ ಜನವೀರರ ಸ್ಮಾರಕ 1958ರಲ್ಲಿ ಸಿದ್ಧವಾಯಿತು. ಸುಮಾರು 38 ಮೀಟರ್ ಎತ್ತರದ ಕಂಬ. ಬುಡದಲ್ಲಿ ಬಿಳಿ ಅಮೃತಶಿಲೆಯ ಉಬ್ಬುಶಿಲ್ಪಗಳು. 1839ರಲ್ಲಿ ಅಫೀಮು ನಾಶ ಮಾಡಿದ್ದರಿಂದ ಶುರುವಾಗಿ 1949ರಲ್ಲಿ ಸೈನ್ಯ ಯಾಂಗ್ಟ್ಸಿ ನದಿ ದಾಟುವವರೆಗೆ. ಸುಮಾರು 170 ಜನ. ಗುರುತು ಹಿಡಿಯಬಹುದಾದ ನಾಯಕರು ಯಾರೂ ಇಲ್ಲ. ಎಲ್ಲರಿಗೂ ಮುಖ ಇದೆ, ಯಾರಿಗೂ ಹೆಸರಿಲ್ಲ. ಒಳ್ಳೆಯದೇ ಅನ್ನಿಸುತ್ತದೆ, ಅಲ್ವಾ? ಆದರೆ ಹತ್ತಿರ ನಿಂತು ಯೋಚಿಸಿದರೆ ಬೇರೆ ಅನುಮಾನ ಬರುತ್ತದೆ. ಹೆಸರಿಲ್ಲದ ಜನ ಯಾರ ಪರವಾಗಿ ಬೇಕಾದರೂ ನಿಲ್ಲುತ್ತಾರೆ. ಅದೇ ಚೌಕದಲ್ಲಿ 1989ರಲ್ಲಿ ವಿದ್ಯಾರ್ಥಿಗಳು ಬಂದು ಕೂತದ್ದು ಇದೇ ಸ್ಮಾರಕದ ಮೆಟ್ಟಿಲ ಮೇಲೆ. ಅವರಿಗೂ ಇದು ತಮ್ಮದೇ ಕಥೆ ಅನ್ನಿಸಿತ್ತು. ಮುಂದೆ ಸೈನ್ಯ ಬಂದು ಗುಂಡು ಹಾರಿಸಿದ್ದು ಗೊತ್ತೇ ಇದೆ.

ಇನ್ನು ದಕ್ಷಿಣ ಆಫ್ರಿಕಾದ್ದು ಉಲ್ಟಾ. ಪ್ರಿಟೋರಿಯಾದ ಫೂರ್‌ಟ್ರೆಕರ್ ಸ್ಮಾರಕ, ಉದ್ಘಾಟನೆ 1949ರಲ್ಲಿ. ಒಳಗೆ ಸುತ್ತ 92 ಮೀಟರ್ ಉದ್ದದ ಉಬ್ಬುಶಿಲ್ಪ, 27 ಹಲಗೆ. ನಾಲ್ವರು ಶಿಲ್ಪಿಗಳು ಮಾಡಿದ ಮಾದರಿಗಳನ್ನು ಇಟಲಿಗೆ ಕಳಿಸಿ ಅಮೃತಶಿಲೆಯಲ್ಲಿ ಕೆತ್ತಿಸಿದರು. 1830ರ ದಶಕದಲ್ಲಿ ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೋದ ಬಿಳಿಯ ರೈತರ ಕಥೆ. ಕೆಲವು ಮುಖಗಳಿಗೆ ಆ ಮನೆತನದ ಮೊಮ್ಮಕ್ಕಳು ಮರಿಮಕ್ಕಳನ್ನೇ ಕೂರಿಸಿ ಮಾದರಿ ಮಾಡಿದರು. ಅಷ್ಟು ಅಕ್ಕರೆ. ಅದೇ ಗೋಡೆಯಲ್ಲಿ ಕಪ್ಪು ಜನ ಕಾಣುವುದು ಬಹುಪಾಲು ಶತ್ರುಗಳಾಗಿ, ಇಲ್ಲವೇ ಆಳುಗಳಾಗಿ. ಕೆಲಸ ಅಪ್ಪಟ, ಕಥೆ ಅರ್ಧ. ವರ್ಣಭೇದ ಹೋದ ಮೇಲೆ ಅದನ್ನು ಒಡೆಯಲಿಲ್ಲ. ಹತ್ತಿರದ ಇನ್ನೊಂದು ಗುಡ್ಡದ ಮೇಲೆ ಫ್ರೀಡಂ ಪಾರ್ಕ್ ಕಟ್ಟಿ, ಹೋರಾಟಗಳಲ್ಲಿ ಸತ್ತವರ ಹೆಸರಿನ ಉದ್ದನೆ ಗೋಡೆ ಮಾಡಿದರು. 75,000ದಷ್ಟು ಹೆಸರು. 2011ರಲ್ಲಿ ಎರಡರ ನಡುವೆ ರಸ್ತೆ ಹಾಕಿದರು. ಒಂದರಲ್ಲಿ ಮುಖ, ಇನ್ನೊಂದರಲ್ಲಿ ಹೆಸರು.

ಮುಖವೂ ಹೆಸರೂ ಒಂದೇ ಕಲ್ಲಿನಲ್ಲಿ ಇರುವ ಕ್ರಮ ಜಗತ್ತಿನಲ್ಲಿ ಇಲ್ಲವೇ? ಇದೆ. ಶಿವಪುರ ಇರುವ ತಾಲ್ಲೂಕಿನಲ್ಲೇ ಇತ್ತು.

ಮದ್ದೂರು ತಾಲ್ಲೂಕಿನ ಆತಕೂರು. ಅಲ್ಲಿ ಸಿಕ್ಕಿದ ಕಲ್ಲು ಕ್ರಿ.ಶ. 949-50ರದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಅದೇ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಮೆಚ್ಚಿ ಏನು ಬೇಕು ಕೇಳು ಎಂದಾಗ ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ (ಪೂಜಾರಿ) ಉಂಡರೆ ಪಾಪ ಎಂದು ಬರೆಸಿದರು. ಕಲ್ಲಿನ ಮೇಲೆ ನಾಯಿ ಹಂದಿ ಕಚ್ಚಾಡುವ ಉಬ್ಬುಶಿಲ್ಪ ಇದೆ.

ಈ ಕಲ್ಲನ್ನು ಹೆಚ್ಚಾಗಿ "ನಾಯಿಗೂ ವೀರಗಲ್ಲು ಹಾಕಿದ ನಾಡು" ಎಂದು ಮುದ್ದು ಮಾಡಿ ಹೇಳುತ್ತಾರೆ. ಸರಿಯೇ. ನಾನು ನೋಡುವುದು ಅದರ ರಚನೆಯನ್ನು. ದೊಡ್ಡ ರಾಜರ ದೊಡ್ಡ ಯುದ್ಧ ಅಕ್ಷರದಲ್ಲಿದೆ. ಚಿತ್ರ ಸಿಕ್ಕಿರುವುದು ನಾಯಿಗೆ. ಸತ್ತವರು ಯಾರು, ಹೆಸರೇನು, ಯಾಕೆ ಕಾದಿದರು, ಕಲ್ಲನ್ನು ಮುಂದೆ ನೋಡಿಕೊಳ್ಳುವವರು ಯಾರು, ಅದಕ್ಕೆ ಖರ್ಚು ಎಲ್ಲಿಂದ ಎನ್ನುವುದೆಲ್ಲ ಒಂದೇ ಕಲ್ಲಿನಲ್ಲಿ ಇದೆ. ನಿರ್ವಹಣೆಯ ಏರ್ಪಾಡೂ ಸೇರಿ! ನಮ್ಮ ಶಾಲೆಯ ಸಿಮೆಂಟು ಗೋಡೆಗೆ ಅದೊಂದು ಇರಲಿಲ್ಲ. ಊರಾಚೆ ಕೆರೆ ಏರಿಯ ಮೇಲೆ ನಿಂತ ಮಾಮೂಲಿ ವೀರಗಲ್ಲಿನಲ್ಲೂ ಇದೇ ಬುದ್ಧಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಆತ ಕೂತಿರುವುದು. ಕೆಳಗಿನಿಂದ ಮೇಲಕ್ಕೆ ಓದಬೇಕು. ತುರು ಕಾಯಲು ಹೋಗಿ ಸತ್ತ ಹಳ್ಳಿಯ ಹುಡುಗನಿಗೂ ಇದೇ ಮರ್ಯಾದೆ. ಉಂಡೆ ತಲೆ ಇಲ್ಲ.

ಇತ್ತೀಚಿನ ಕೆಲಸಗಳಲ್ಲಿ ಇದಕ್ಕೆ ಹತ್ತಿರ ಬರುವುದು ದಂಡಿಯ ಉಪ್ಪಿನ ಸತ್ಯಾಗ್ರಹ ಸ್ಮಾರಕ. 2019ರ ಜನವರಿ 30ರಂದು ತೆರೆದದ್ದು. ಗಾಂಧಿ ಒಬ್ಬರನ್ನೇ ಅಲ್ಲ, ಅವರ ಹಿಂದೆ ನಡೆದವರನ್ನೂ ಸೇರಿಸಿ 80 ಜನರನ್ನು ಆಳೆತ್ತರಕ್ಕೆ ಮಾಡಿದ್ದಾರೆ. ಜೊತೆಗೆ 24 ಕಥಾಫಲಕಗಳು. ಕರ್ನಾಟಕದಿಂದ ಹೋದ ಮೈಲಾರ ಮಹಾದೇವಪ್ಪನವರು ಆ ನಡಿಗೆಯಲ್ಲಿ ಇದ್ದವರು. ದಂಡಿಗೆ ಒಂದು ಅನುಕೂಲವಿತ್ತು, ನಡೆದವರ ಪಟ್ಟಿ ಇತ್ತು. ಶಿವಪುರದಲ್ಲಿ ಬಂದವರ ಪಟ್ಟಿ ಯಾರು ಬರೆದಿಟ್ಟರು? ಜೈಲಿಗೆ ಹೋದವರ ಹೆಸರು ದಾಖಲೆಯಲ್ಲಿ ಸಿಗಬಹುದು. ಅಡುಗೆಗೆ ಅಕ್ಕಿ ಕೊಟ್ಟವರು, ಚಪ್ಪರಕ್ಕೆ ತೆಂಗಿನ ಗರಿ ತಂದವರು, ಎತ್ತಿನ ಗಾಡಿ ಹೂಡಿಕೊಂಡು ಬಂದವರು ಮನೆಯವರ ಬಾಯಲ್ಲಿ ಮಾತ್ರ ಇರುತ್ತಾರೆ. ಆ ಮನೆಗಳಲ್ಲಿ ಈಗ ಮೂರನೆಯ ತಲೆಮಾರು. ಕಲ್ಲು ತರುವುದಕ್ಕೆ ಮೊದಲು ಒಬ್ಬರು ನೋಟ್‌ಬುಕ್ಕು ಹಿಡಿದು ಹಳ್ಳಿ ಸುತ್ತಬೇಕು. ಗೋಡೆಯ ಬಜೆಟ್ಟಿನಲ್ಲಿ ಮೊದಲ ಸಾಲು ಇದಾಗಬೇಕು ಎನ್ನುವುದು ನನ್ನ ವಾದ.

ಕಷ್ಟದ ಪ್ರಶ್ನೆ ಇನ್ನೂ ಬಾಕಿ ಇದೆ. ಶಿವಪುರದ ಗೋಡೆಯಲ್ಲಿ ಮಹಾರಾಜರು ಇರಬೇಕೇ?

ಬೇರೆ ಕಡೆ ಇದು ಸುಲಭ. ಬ್ರಿಟಿಷ್ ಅಧಿಕಾರಿಗೆ ಟೋಪಿ ಹಾಕಿಸಿ, ಮೀಸೆ ಬರೆದು, ಕುದುರೆ ಮೇಲೆ ಕೂರಿಸಿದರೆ ಆಯಿತು. ಶಿವಪುರದ ನಿಷೇಧ ನೇರವಾಗಿ ಲಂಡನ್ನಿನಿಂದ ಬಂದದ್ದಲ್ಲ, ಮೈಸೂರು ಸರ್ಕಾರದ್ದು. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಂಡ್ಯದ ಗದ್ದೆಗೆ ನೀರು ಕೊಟ್ಟ ಕನ್ನಂಬಾಡಿ ಕಟ್ಟೆಯ ನಾಲ್ವಡಿ. ಇವತ್ತಿಗೂ ನಮ್ಮ ಕಡೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅವರ ಫೋಟೊಗೆ ಹೂ ಏರುತ್ತದೆ. ನಿಷೇಧ ಮುರಿದ ರೈತರೂ ಅವರನ್ನು ದ್ವೇಷಿಸಿದವರಲ್ಲ. ನೀರು ಕೊಟ್ಟ ದೊರೆಗೆ ಕೈಮುಗಿದು, ಅದೇ ದೊರೆಯ ಸರ್ಕಾರದ ಆಜ್ಞೆ ಮುರಿದರು. ಇದು ಗೊಂದಲವಲ್ಲ, ನಮ್ಮ ಕಥೆಯ ವಿಶೇಷವೇ ಇದು. ಭಾಷಣದಲ್ಲಿ ಇದನ್ನು ನುಂಗಿಬಿಡುತ್ತಾರೆ. ಕೇಳಿದರೆ "ಬ್ರಿಟಿಷರ ವಿರುದ್ಧ" ಎನ್ನುತ್ತಾರೆ. ನನ್ನ ಮಟ್ಟಿಗೆ, ಒಪ್ಪಂದದ ಆ ಎರಡು ಬಾವುಟಗಳನ್ನು ಒಟ್ಟಿಗೆ ಕೆತ್ತಿದರೆ ಸಾಕು. ಸಂಸ್ಥಾನದ್ದು ಒಂದು, ಚರಕದ್ದು ಒಂದು. ಅಷ್ಟರಲ್ಲೇ ಇಡೀ ಇಕ್ಕಟ್ಟು ಬರುತ್ತದೆ. ಪಟೇಲರಿಗೂ ಅದೇ ಹಲಗೆಯಲ್ಲಿ ಜಾಗ. ಗುಜರಾತಿನಲ್ಲಿ 182 ಮೀಟರ್ ಇದ್ದವರು ಇಲ್ಲಿ ಮಿರ್ಜಾರ ಎದುರು ಕುರ್ಚಿಯಲ್ಲಿ ಕೂತಿರುತ್ತಾರೆ, ಎಲ್ಲರಷ್ಟೇ ಎತ್ತರ.

ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಮೈಸೂರಿಗೆ ಜನರ ಸರ್ಕಾರ ಬರಲಿಲ್ಲ ಎನ್ನುವುದನ್ನೂ ಹೀಗೇ ನುಂಗಿದ್ದೇವೆ. 1947ರ ಆಗಸ್ಟ್ 15 ಕಳೆದ ಮೇಲೆ ಜನರ ಸರ್ಕಾರ ಕೇಳಿ ಮೈಸೂರು ಚಲೋ ಚಳವಳಿ ಶುರುವಾಯಿತು. "ಆರ್ಕಾಟ್ ಬಾಯ್ಕಾಟ್" ಎಂದು ಕೂಗಿದರು. ಆರ್ಕಾಟ್ ಅಂದರೆ ಆಗಿನ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. (ಕಲ್ಲಿನಲ್ಲಿ ಘೋಷಣೆಯ ಸದ್ದು ಕೆತ್ತಲಾಗುವುದಿಲ್ಲ, ಅದೊಂದು ಬೇಜಾರು.) ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ಗುಂಡಿಗೆ ಬಿದ್ದವನು ಹಾರ್ಡ್ವಿಕ್ ಶಾಲೆಯ ವಿದ್ಯಾರ್ಥಿ ರಾಮಸ್ವಾಮಿ. ಅವನ ಹೆಸರೇ ರಾಮಸ್ವಾಮಿ ವೃತ್ತಕ್ಕೆ ಇರುವುದು. ದಿನಾ ಸಾವಿರಾರು ಜನ "ರಾಮಸ್ವಾಮಿ ಸರ್ಕಲ್, ಇಳೀರಿ" ಎನ್ನುವುದನ್ನು ಕೇಳಿಸಿಕೊಂಡು ಇಳಿಯುತ್ತಾರೆ. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಕಾಲೇಜು ಹುಡುಗನನ್ನು ಕೇಳಿದೆ, ಯಾರಪ್ಪ ರಾಮಸ್ವಾಮಿ ಎಂದು. "ದಿವಾನರು ಅಲ್ವಾ ಸಾರ್" ಎಂದ. ಯಾರ ಆಡಳಿತದಲ್ಲಿ ಹುಡುಗ ಸತ್ತನೋ ಅವರ ಹೆಸರಿನ ನೆರಳಲ್ಲೇ ಹುಡುಗ ಮರೆಯಾಗಿದ್ದಾನೆ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಮೈಸೂರಿನವರಿಗೆ ಸ್ವಾತಂತ್ರ್ಯ ಎರಡು ಕಂತಿನಲ್ಲಿ ಬಂದದ್ದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಹೆದರಿಕೆ ನನಗಿದೆ. ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಹೋಗುವ ಇಕ್ಕಟ್ಟಾದ ಓಣಿ ಇದೆಯಲ್ಲ, 1919ರಲ್ಲಿ ಡೈಯರ್‌ನ ಸೈನಿಕರು ಒಳಗೆ ಬಂದ ದಾರಿ. 2021ರಲ್ಲಿ ನವೀಕರಣ ಮಾಡಿ ಆ ಓಣಿಯ ಗೋಡೆಗಳ ತುಂಬ ಶಿಲ್ಪದ ಜನರನ್ನು ಕೂರಿಸಿದರು. ಇತಿಹಾಸ ಬಲ್ಲವರು ಸಿಟ್ಟಾದರು. ಆ ಬೋಳು ಇಟ್ಟಿಗೆ, ಆ ಇಕ್ಕಟ್ಟು, ಅವೇ ಸಾಕ್ಷಿಯಾಗಿದ್ದವು. ಸಾಕ್ಷಿಯ ಮೇಲೆ ಅಲಂಕಾರ ಮೆತ್ತಿದರೆ ನೋಡುವವರ ಕಣ್ಣು ಅಲಂಕಾರದ ಮೇಲೆ ಹೋಗುತ್ತದೆ. ಶಿವಪುರದಲ್ಲೂ ಬಾವುಟ ಏರಿದ ನೆಲ ಬಯಲಾಗಿಯೇ ಇರಲಿ. ಗೋಡೆ ಬೇಕಿದ್ದರೆ ಅದರ ಅಂಚಿನಲ್ಲಿ, ಆಳೆತ್ತರ ಮೀರದ ಹಾಗೆ, ಪಕ್ಕದಲ್ಲಿ ಮರದ ನೆರಳಲ್ಲಿ ನಡೆಯುವ ದಾರಿ. ಬೆಳಿಗ್ಗೆ ಸಂಜೆ ಓರೆ ಬಿಸಿಲು ಬೀಳುವ ದಿಕ್ಕಿಗೆ. ಕಲ್ಲಿಗೆ ದೂರ ಹೋಗಬೇಕಿಲ್ಲ. ಅಯೋಧ್ಯೆಯ ಬಾಲರಾಮನಿಗೆ ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆ ಹೋಯಿತು, ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಕಲ್ಲೂ ಇಲ್ಲೇ, ಕೈಯೂ ಇಲ್ಲೇ.

ಹೊರಡುವ ಮುಂಚೆ ಆಚಾರ್ರ ಜೊತೆ ಲೆಕ್ಕಕ್ಕೆ ಕೂತೆ. ಅವರು ಬಳಪ ತೆಗೆದು ನೆಲದ ಮೇಲೇ ಬರೆಯತೊಡಗಿದರು. ಮುಂದಿನ ಸಾಲು, ನಡುವಿನ ಸಾಲು, ಹೆಂಗಸರು, ಗಾಡಿಯ ಮೇಲಿನ ಮಕ್ಕಳು. ಹಿಂದಿನ ಸಾಲಿಗೂ ಮುಖ ಎಂದಾಗ ಒಮ್ಮೆ ನನ್ನನ್ನು ನೋಡಿ ಮತ್ತೆ ಬರೆದರು.

"ಪೊಲೀಸ್ನೋರು?"

ಆತಕೂರಿನ ಕಲ್ಲಿನ ಹಂದಿ ನೆನಪಾಯಿತು. ನಾಯಿಯ ಎದುರಿಗೆ ಅದಕ್ಕೂ ತುಂಬು ಮೈ ಕೊಟ್ಟು ಕೆತ್ತಿದ್ದಾರೆ. ಶಿವಪುರಕ್ಕೆ ಲಾಠಿ ಹಿಡಿದು ಬಂದ ಕಾನ್‌ಸ್ಟೆಬಲ್‌ಗಳೂ ಇದೇ ಸಂಸ್ಥಾನದವರು, ಕನ್ನಡ ಮಾತಾಡುವವರು. ಎದುರಿಗೆ ನಿಂತ ಜನರಲ್ಲಿ ಕೆಲವರ ನೆಂಟರೂ ಇದ್ದಿರಬಹುದು.

"ಸೇರಿಸಿ ಆಚಾರ್ರೇ. ಅವರಿಗೂ ಮುಖ ಇರಲಿ."

"ಹಂಗಾದ್ರೆ ಕಲ್ಲು ಇನ್ನೊಂದು ಬೇಕಾಗ್ತದೆ" ಎಂದು ಬಳಪವನ್ನು ಪಕ್ಕಕ್ಕಿಟ್ಟು, ಟೀ ತರಲು ಹುಡುಗನನ್ನು ಕೂಗಿದರು.